ಇಲ್ಲದ ಕಂಪ್ಯೂಟರಿನ ಹೊಟ್ಟೆಬಾಕತನ

"ಯಾರ್ರೀ ನನ್ ಸ್ಟಾಕು ನುಂಗಿದ್ದು?"

ಹೋದ ತಿಂಗಳು ಒಂದು ಬೆಳಿಗ್ಗೆ ಹೀಗೆ ಕೂಗುತ್ತಾ ನಮ್ಮ ಕಂಪ್ಯೂಟರ್ ರೂಮಿಗೆ ನುಗ್ಗಿದವರು ಸ್ಟೋರ್ಸ್‌ನ ಹನುಮಂತರಾಯಪ್ಪ. ಚಪ್ಪಲಿ ಕೂಡ ಬಿಟ್ಟಿರಲಿಲ್ಲ. (ನಮ್ಮಲ್ಲಿ ದೇವರಮನೆಗಿಂತ ಮಡಿ ಜಾಸ್ತಿ ಇರುವುದು ಕಂಪ್ಯೂಟರ್ ರೂಮಿಗೆ.) ಪೀಣ್ಯದ ನಮ್ಮ ಫ್ಯಾಕ್ಟರಿಗೆಲ್ಲ ಇರುವುದು ಒಂದೇ ಕಂಪ್ಯೂಟರು. ಅವರ ನಟ್ಟು ಬೋಲ್ಟಿನ ಲೆಕ್ಕವೂ ಅದರಲ್ಲೇ, ನಮ್ಮ ಪ್ರೋಗ್ರಾಮೂ ಅದರಲ್ಲೇ. ಅವತ್ತು ಅವರ ಪರದೆ ಬೆಳಗಿನಿಂದ ಅಲ್ಲಾಡಿರಲಿಲ್ಲ.

ನುಂಗಿದ್ದು ನಾವೇ. ನಾನು ಮತ್ತು ನನ್ನ ಸಹೋದ್ಯೋಗಿ ವಿಮಲಾ.

ಆಗಿದ್ದಿಷ್ಟು. ಕೊಯಮತ್ತೂರಿನ ಗಿರಣಿಯೊಂದಕ್ಕೆ ಮಗ್ಗ ನಡೆಸುವ ಪ್ರೋಗ್ರಾಮು ಬರೆದುಕೊಡುತ್ತೇವೆಂದು ನಮ್ಮ ಬಾಸ್ ಶೇಷಾದ್ರಿಯವರು ಒಪ್ಪಿಕೊಂಡಿದ್ದರು. ಅದು ಓಡಬೇಕಾದದ್ದು ವಿದೇಶದಿಂದ ತರಿಸುವ ಹೊಸ ಕಂಪ್ಯೂಟರಿನಲ್ಲಿ. ಅದು ಹಡಗು ಹತ್ತಿದೆ ಅನ್ನುತ್ತಿದ್ದರು. ಯಾವ ಸಮುದ್ರದಲ್ಲಿದೆಯೋ ಯಾರಿಗೆ ಗೊತ್ತು? ಗಿರಣಿಯ ಮಾಲೀಕರು ಮಾತ್ರ ಶುಕ್ರವಾರವೇ ನೋಡಲು ಬರುತ್ತಾರಂತೆ. ತೋರಿಸದಿದ್ದರೆ ಆರ್ಡರ್ ಇಲ್ಲ. ಆರ್ಡರ್ ಇಲ್ಲದಿದ್ದರೆ ನಮ್ಮ ವಿಭಾಗಕ್ಕೆ ಬೀಗ. ನಾವಿಬ್ಬರೂ ಪಕ್ಕದ ಶೆಡ್ಡಿನಲ್ಲಿ ಮೋಟರಿಗೆ ತಂತಿ ಸುತ್ತಲು ಹೋಗಬೇಕು.

ಅದಕ್ಕೇ ಒಂದು ಉಪಾಯ ಮಾಡಿದೆವು. ಹಳೆಯ ಕಂಪ್ಯೂಟರಿನೊಳಗೆ ಹೊಸ ಕಂಪ್ಯೂಟರಿನಂತೆ ನಟಿಸುವ ಪ್ರೋಗ್ರಾಮೊಂದನ್ನು ಬರೆದೆವು. ಮಗ್ಗದ ಪ್ರೋಗ್ರಾಮಿಗೆ ತಾನು ನಿಜವಾದ ಹೊಸ ಯಂತ್ರದಲ್ಲೇ ಇದ್ದೇನೆಂಬ ಭ್ರಮೆ. ಪಾಪ, ಅದಕ್ಕೇನು ಗೊತ್ತು?

ತೊಂದರೆ ಏನೆಂದರೆ, ಹೊಸ ಯಂತ್ರದ ಮೆಮರಿ ನಮ್ಮದರ ಹತ್ತಾರು ಪಟ್ಟು. ಅಷ್ಟಕ್ಕೂ ಮೊದಲೇ ಜಾಗ ಕಾದಿರಿಸಲು ಹೋಗಿ ಹಳೆಯ ಯಂತ್ರಕ್ಕೆ ಏದುಸಿರು. ಡಿಸ್ಕು ಮಿಕ್ಸಿಯಂತೆ ಗರಗರ.

"ಇಲ್ದೇ ಇರೋ ಮಿಸನ್‌ಗೆ ಇರೋ ಮಿಸನ್ನೆಲ್ಲಾ ಕೊಟ್ಬುಟ್ರೆ ನಾವೇನ್ ಮಾಡಾದು? ಇಂಗಾದ್ರೆ ಲೋಡ್ ಕಳ್ಸಾದೆಂಗೆ?" ಎಂದರು ಹನುಮಂತರಾಯಪ್ಪ. ಹೊರಗೆ ಲಾರಿ ಡ್ರೈವರ್ ಹಾರ್ನ್ ಒತ್ತುತ್ತಲೇ ಇದ್ದ.

ವಿಮಲಾ ಗಾಬರಿಯಾಗದೆ ನನ್ನ ಕಡೆ ತಿರುಗಿದಳು. "ನಮ್ ಪ್ರೋಗ್ರಾಮ್ ನಿಜವಾಗ್ಲೂ ಎಷ್ಟು ಮೆಮರಿ ಮುಟ್ಟುತ್ತೆ ಅಂತ ನೋಡಿದ್ಯಾ? ಬುಡದಲ್ಲಿ ಚೂರು, ತುದೀಲಿ ಚೂರು. ಮಧ್ಯೆ ಎಲ್ಲಾ ಬಯಲು ಕಣೋ!"

ಸರಿ, ಮೆಮರಿಯನ್ನು ಸಣ್ಣ ಸಣ್ಣ ಪುಟಗಳಾಗಿ ವಿಂಗಡಿಸಿದೆವು. ಪ್ರೋಗ್ರಾಮು ಯಾವ ಪುಟದಲ್ಲಿ ಬರೆಯುತ್ತದೋ ಆ ಪುಟಕ್ಕೆ ಮಾತ್ರ, ಅದೂ ಬರೆಯುವ ಹೊತ್ತಿಗೆ, ನಿಜವಾದ ಜಾಗ. ಬರೆಯದ ಪುಟವನ್ನು ಓದಲು ಕೇಳಿತೇ? "ಸೊನ್ನೆ" ಎಂದರಾಯಿತು. ಖಾಲಿ ಪುಟದಲ್ಲಿ ಇನ್ನೇನಿರುತ್ತದೆ?

ಸಂಜೆಯೊಳಗೆ ಲಾರಿ ಹೊರಟಿತು. ನಮ್ಮ ಪ್ರೋಗ್ರಾಮೂ ಓಡಿತು. ವಿಮಲಾ ಕ್ಯಾಂಟೀನಿನಲ್ಲಿ ಮಸಾಲೆದೋಸೆ ತಿಂದು ಇನ್ನೊಂದು ತರಿಸಿಕೊಂಡಳು.

ಆಗ ಬಂದರು ಶೇಷಾದ್ರಿ ಸಾರ್. ಹಿಂದೆ ರೇಡಿಯೊ ಕಾರ್ಖಾನೆಯೊಂದರಲ್ಲಿ ಟೆಸ್ಟಿಂಗ್ ನೋಡಿಕೊಂಡವರು. ಹೋಟೆಲಿನ ಕುರ್ಚಿಯನ್ನೂ ಅಲ್ಲಾಡಿಸಿ ನೋಡಿಯೇ ಕೂರುವವರು.

"ಶುಕ್ರವಾರ ಮೊದಲು ನನ್ನ ಮೆಮರಿ ಟೆಸ್ಟ್ ಓಡ್ಬೇಕು. ಆಮೇಲೆ ಮಗ್ಗ" ಎಂದರು.

ಅವರೇ ಬರೆದ ಟೆಸ್ಟು. ಮೆಮರಿಯ ಮೂಲೆಮೂಲೆಗೂ ಹೋಗಿ ಏನಾದರೊಂದು ಬರೆದು, ಓದಿ, ಅಳಿಸಿ, ಸೊನ್ನೆ ಹಾಕಿ ಮುಂದೆ ಹೋಗುತ್ತದೆ. ಅಂದರೆ? ಒಂದು ಪುಟವನ್ನೂ ಬಿಡದೆ ಎಲ್ಲದರಲ್ಲೂ ಬರೆಯುತ್ತದೆ! ಓಡಿಸಿದೆವು. ಮತ್ತೆ ಗರಗರ. ಮತ್ತೆ ಹನುಮಂತರಾಯಪ್ಪ.

"ಇಲ್ಲದ ಮೆಮರೀನ ಟೆಸ್ಟ್ ಮಾಡೋದು ಯಾಕೆ ಸಾರ್?" ಎಂದೆ.

"ಟೆಸ್ಟ್ ಮಾಡ್ದೆ ಇದೆಯೋ ಇಲ್ವೋ ಅಂತ ಹೆಂಗ್ರೀ ಹೇಳ್ತೀರಾ?"

ಅವರಿಗೆ ಟೆಸ್ಟ್ ಬಿಡಿ ಅನ್ನುವುದೂ ಒಂದೇ, ಮೀಸೆ ಬೋಳಿಸಿ ಅನ್ನುವುದೂ ಒಂದೇ.

ಶೇಷಾದ್ರಿಯವರನ್ನು ಬದಲಾಯಿಸಲು ಹೋಗದೆ ವಿಮಲಾ ನಮ್ಮ ನಟನೆಯ ಪ್ರೋಗ್ರಾಮನ್ನೇ ಬದಲಾಯಿಸಿದಳು. ಟೆಸ್ಟು ಒಂದು ಪುಟ ಮುಗಿಸಿ ಮುಂದೆ ಹೋಯಿತೋ, ಹಿಂದಿನದರಲ್ಲಿ ಬರೀ ಸೊನ್ನೆಗಳಿದ್ದರೆ ಆ ಜಾಗ ವಾಪಸ್; "ಸೊನ್ನೆ" ಎನ್ನಲು ಜಾಗ ಬೇಡವಲ್ಲ. ಅದೇ ಜಾಗ ಮುಂದಿನ ಪುಟಕ್ಕೆ. (ಮದುವೆಮನೆಯಲ್ಲಿ ಕೈತೊಳೆಯಲು ಎದ್ದವರ ಜಾಗದಲ್ಲಿ ನಾವು ಕೂರುವುದಿಲ್ಲವೇ?)

ಶುಕ್ರವಾರ ಗಿರಣಿಯ ಮಾಲೀಕರು ಬಂದರು. ಹನುಮಂತರಾಯಪ್ಪನವರೂ ಬಾಗಿಲಲ್ಲಿ ನಿಂತರು, ಈ ಸಲ ಚಪ್ಪಲಿ ಬಿಟ್ಟು. ಟೆಸ್ಟು ಓಡಿತು. ಮೆಮರಿ ಪೂರ್ತಿ ಸರಿಯಿದೆ ಎಂದಿತು ಪರದೆ. ಮಗ್ಗದ ಪ್ರೋಗ್ರಾಮೂ ತಪ್ಪಿಲ್ಲದೆ ಓಡಿತು.

"ಇಷ್ಟು ದೊಡ್ಡ ಮೆಮರಿ ಯಾವ ರೂಮಲ್ಲಿ ಇಟ್ಟಿದೀರಿ ಸಾರ್?" ಮಾಲೀಕರು ಸುತ್ತಲೂ ನೋಡಿದರು.

ಶೇಷಾದ್ರಿಯವರು ಸುಳ್ಳು ಹೇಳುವವರಲ್ಲ. ಇದ್ದದ್ದನ್ನು, ಅಂದರೆ ಇಲ್ಲದ್ದನ್ನು, ವಿವರಿಸಿದರು. ಮಾಲೀಕರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಮೆಷಿನ್ನೇ ಇಲ್ದೆ ಇಷ್ಟು ಮಾಡಿದೋರು, ಬಂದ್ಮೇಲೆ ಇನ್ನೆಷ್ಟು ಮಾಡ್ತೀರಿ!" ಆರ್ಡರ್ ಸಿಕ್ಕಿತು.

ನಿನ್ನೆ ಆ ನಿಜವಾದ ಕಂಪ್ಯೂಟರೂ ಬಂತು. ಕುಂಕುಮ ಹಚ್ಚಿ, ಕಾಯಿ ಒಡೆದು ಸ್ವಿಚ್ ಹಾಕಿದೆವು. ಮೊದಲು ಏನು ಓಡಿತೆಂದು ಹೇಳಬೇಕೇ? ಟೆಸ್ಟು. ಅರ್ಧ ದಾರಿಯಲ್ಲಿ ನಿಂತಿತು. ಮೆಮರಿಯ ಒಂದು ಮೂಲೆ ಕೆಟ್ಟಿದೆಯಂತೆ!

ಶೇಷಾದ್ರಿಯವರ ಮುಖದಲ್ಲಿ ಅಂಥ ಆನಂದವನ್ನು ನಾನು ಈ ಮೊದಲು ಕಂಡಿರಲಿಲ್ಲ. "ನೋಡಿದ್ರಾ? ಅದಕ್ಕೇ ಟೆಸ್ಟ್ ಮಾಡ್ಬೇಕು ಅನ್ನೋದು!"

ಮಾಡಬೇಕು, ಒಪ್ಪಿದೆ. ಆದರೆ ಇಲ್ಲದ ವಸ್ತು ಯಾವತ್ತಾದರೂ ಕೆಟ್ಟದ್ದುಂಟೇ?