ಆಗದ ಕೆಲಸಗಳ ಪಟ್ಟಿ

ಕಾಶ್ಮೀರದ ಕಡೆ ಮಿಲಿಟರಿ ಲಾರಿ ಓಡಿಸುತ್ತಿದ್ದಾಗ ಒಂದು ದಿನ ಬೆಟ್ಟದ ರಸ್ತೆ ಕುಸಿದು ಗಾಡಿ ಮಗುಚಿತು. ನನ್ನ ಬಲಗೈ ಅದರಡಿ ಸಿಕ್ಕಿಕೊಂಡಿತು. ಮೂಳೆಯೇನೋ ಕೂಡಿತು, ಮೂರು ಬೆರಳು ಮಾತ್ರ ಮತ್ತೆ ಮಡಚಲಿಲ್ಲ. ಸೈನ್ಯದವರು ಬಿಡುಗಡೆಯ ಕಾಗದ ಕೊಟ್ಟು ಮೈಸೂರಿಗೆ ಕಳಿಸಿದರು.

ಗಾಯದ ಪಿಂಚಣಿಗೆ ಹಾಕಿದ ಮೊದಲ ಅರ್ಜಿ ವಜಾ ಆಯಿತು. ತಪ್ಪು ನನ್ನದೇ. ಬೆಂಗಳೂರಿನಲ್ಲಿ ಪರೀಕ್ಷೆ ಮಾಡಿದ ಮಿಲಿಟರಿ ಡಾಕ್ಟರು ಕೈ ಹೇಗಿದೆ ಎಂದು ಕೇಳಿದಾಗ, ಎದೆ ಸೆಟೆಸಿ ನಿಂತು, ಏನೂ ತೊಂದರೆಯಿಲ್ಲ ಸಾರ್ ಅಂದಿದ್ದೆ. ಮೇಲಿನವರು ಏನು ಕೇಳಿದರೂ ಹಾಗೆ ಹೇಳಿಯೇ ಅಭ್ಯಾಸ. ಅವರು ಅದನ್ನೇ ಬರೆದುಕೊಂಡರು.

ಮೈಸೂರಿನಲ್ಲಿ ಮಾಜಿ ಸೈನಿಕರ ಅರ್ಜಿ ನೋಡುತ್ತಿದ್ದ ವಯಸ್ಸಾದ ಗುಮಾಸ್ತರೊಬ್ಬರು, ಇನ್ನೊಮ್ಮೆ ಕೇಳಲು ಅವಕಾಶವಿದೆ ಎಂದರು. ಕೆಲಸದ ಮೇಲಿದ್ದಾಗಲೇ ಪೆಟ್ಟಾಯಿತೆಂಬುದಕ್ಕೆ ಸಾಕ್ಷಿ ಬೇಕಂತೆ. ಅಂದು ಲಾರಿಯಲ್ಲಿ ನನ್ನ ಪಕ್ಕ ಕೂತಿದ್ದ ಸೇಲಂ ಕಡೆಯ ಗೆಳೆಯ, ಕೇಳಿದ ಕೂಡಲೇ ನಾಲ್ಕು ಪುಟ ಬರೆದು ಕಳಿಸಿದ. ಆಸ್ಪತ್ರೆಯ ಚೀಟಿ ಟ್ರಂಕಿನ ತಳದಲ್ಲಿ ಸಿಕ್ಕಿತು. ಇನ್ನು ಉಳಿದದ್ದು, ಈಗ ನನ್ನ ಕೈಯಲ್ಲಿ ಏನೇನು ಆಗುವುದಿಲ್ಲ ಎಂಬ ವಿವರ. ಒಂದು ಸಂಜೆಯೆಲ್ಲ ಕೂತು, ‘ಬಲಗೈ ಸ್ವಲ್ಪ ಬಿಗಿಯಾಗಿದೆ’ ಎಂದು ಒಂದೇ ಸಾಲು ಬರೆದೆ.

ಹೆಂಡತಿ ಅದನ್ನು ಓದಿ ಕೆಳಗಿಟ್ಟಳು. “ದಿನಾ ಬೆಳಿಗ್ಗೆ ನಿಮ್ಮ ಅಂಗಿ ಗುಂಡಿ ಹಾಕೋರು ಯಾರು?”

“ಅದನ್ನೆಲ್ಲ ಸರ್ಕಾರಕ್ಕೆ ಬರೀತಾರೇನೇ?”

“ಅದನ್ನೇ ಕಣ್ರೀ ಬರೀಬೇಕಾದ್ದು.”

ನಾಲ್ಕನೇ ತರಗತಿಯವರೆಗೆ ಓದಿದ್ದ ಅವಳು, ಒಂದು ವಾರ ನನ್ನನ್ನು ಗಮನಿಸಿ ಪೆನ್ಸಿಲಿನಲ್ಲಿ ಪಟ್ಟಿ ಮಾಡಿದಳು. ಬಾವಿಯ ಹಗ್ಗ ಜಾರಿ ಬಿಂದಿಗೆ ಎರಡು ಸಲ ನೀರುಪಾಲಾಯಿತು. ಒದ್ದೆ ಟವೆಲು ಹಿಂಡಲಾಗುವುದಿಲ್ಲ. ಸೈಕಲ್ಲಿನ ಬ್ರೇಕು ಹಿಡಿಯಲಾಗದೆ ಕಾಲೂರಿ ನಿಲ್ಲಿಸುತ್ತಾರೆ. ಹಿಂದೆ ಮುಂದೆ ಪತ್ತೇದಾರಳಂತೆ ಸುತ್ತುವ ಅವಳನ್ನು ಕಂಡು ಮೊದಲು ಸಿಟ್ಟು ಬಂತು, ಆಮೇಲೆ ನಗು. ಕೊನೆಯ ಸಾಲನ್ನು ಮಾತ್ರ ಎರಡು ಸಲ ಓದಿದೆ. ‘ಅನ್ನ ಕಲಸಿ ತುತ್ತು ಮಾಡಲು ಬೆರಳು ಕೂಡುವುದಿಲ್ಲ. ಅದಕ್ಕೇ ಮದುವೆ ಮನೆಯಲ್ಲಿ ಹಸಿವಿಲ್ಲ ಎಂದು ಹೇಳಿ ಪಂಕ್ತಿಗೆ ಕೂರುವುದಿಲ್ಲ.’ ಅದು ಯಾರಿಗೂ ಗೊತ್ತಿಲ್ಲವೆಂದು ತಿಳಿದಿದ್ದೆ.

ಗುಮಾಸ್ತರು ಆ ಪಟ್ಟಿಯನ್ನು ಒಂದಕ್ಷರ ಬಿಡದೆ ಇಂಗ್ಲಿಷಿಗೆ ತಿರುಗಿಸಿ ಟೈಪು ಮಾಡಿಸಿದರು. ಎರಡನೇ ಪರೀಕ್ಷೆಗೆ ಇಬ್ಬರೂ ರೈಲಿನಲ್ಲಿ ಬೆಂಗಳೂರಿಗೆ ಹೋದೆವು. ಅವಳು ಹೊರಗೆ ಬೆಂಚಿನ ಮೇಲೆ ಕೂತಳು. ಈ ಸಲದ ಡಾಕ್ಟರು ಕನ್ನಡದವರು. ತೊಂದರೆ ಏನೆಂದು ಕೇಳಿದಾಗ, ಏನೂ ಇಲ್ಲ ಎಂಬ ಮಾತು ಬಾಯಿಗೆ ಬಂದೇಬಿಟ್ಟಿತ್ತು. ನುಂಗಿಕೊಂಡು ಪಟ್ಟಿ ಕೊಟ್ಟೆ. ಅವರು ನಿಧಾನವಾಗಿ ಓದಿ, ಅಂಗಿಯ ಒಂದು ಗುಂಡಿ ಬಿಚ್ಚಿ ಮತ್ತೆ ಹಾಕಿ ಅಂದರು. ಬಿಚ್ಚಿದೆ. ಹಾಕಲು ಐದು ನಿಮಿಷ ಹೆಣಗಿದರೂ ಆಗಲಿಲ್ಲ. ಇದನ್ನು ಬರೆದವರು ಯಾರು ಎಂದು ಕೇಳಿ, ಅವಳನ್ನು ಒಳಗೆ ಕರೆಸಿದರು.

“ನಮ್ಮ ಸಿಪಾಯಿಗಳು ನೋವು ಒಪ್ಕೊಳ್ಳೋದೇ ಇಲ್ಲ ಕಣಮ್ಮ,” ಎಂದರು. “ನೀವು ಬರೆದದ್ದು ಒಳ್ಳೇದಾಯ್ತು.”

ಮೂರು ತಿಂಗಳಿಗೆ ಪಿಂಚಣಿ ಮಂಜೂರಾದ ಆದೇಶ ಬಂತು. ಗುಮಾಸ್ತರು ಊರೆಲ್ಲ ಹೇಳಿರಬೇಕು. ಅದೇ ವರ್ಷ ಇನ್ನಿಬ್ಬರು ಮಾಜಿ ಸೈನಿಕರು ಹೆಂಡತಿಯರೊಡನೆ ನಮ್ಮ ಮನೆಗೆ ಬಂದರು. ನನ್ನವಳು ಗಂಡಸರಿಗೆ ಜಗುಲಿಯಲ್ಲಿ ಚಾಪೆ ಹಾಸಿಕೊಟ್ಟು, ಹೆಂಗಸರನ್ನು ಒಳಗೆ ಕರೆದು, ಪೆನ್ಸಿಲು ಹಿಡಿದು ಕೂತಳು.