ಅತ್ತೆಯ ಕೋಣೆಯಲ್ಲಿದ್ದ ಕಾರು

ನಾನು ನಿಂತಿದ್ದದ್ದು ನಮ್ಮ ಮನೆಯ ಗೇಟಿನ ಎಡ ರೆಕ್ಕೆಯ ಪಕ್ಕದಲ್ಲಿ. ಎಡ ಎಂದರೆ ಮನೆಯಿಂದ ಬೀದಿಗೆ ಹೊರಡುವವರ ಎಡ. ಆ ರೆಕ್ಕೆ ತಾನಾಗಿಯೇ ಮುಚ್ಚಿಕೊಳ್ಳುತ್ತಿತ್ತು. ಅದನ್ನು ಹಿಡಿದುಕೊಂಡಿರಬೇಕೆಂದು ನನಗೆ ಅಪ್ಪಣೆಯಾಗಿತ್ತು. ಬೆನ್ನು ಕಾಂಪೌಂಡಿನ ಗೋಡೆಗೆ ತಾಗಿತ್ತು, ಮುಖ ಮನೆಯ ಕಡೆಗಿತ್ತು. ದಿನ ಆಯುಧಪೂಜೆ. ರಾಹುಕಾಲ ಕಳೆದು, ಮಂಗಳಾರತಿ ಮುಗಿದು, ತೀರ್ಥ ತೆಗೆದುಕೊಂಡ ಅಂಗೈ ಇನ್ನೂ ಆರಿರಲಿಲ್ಲ. ಊರು ಮೈಸೂರು, ಬಡಾವಣೆ ಕೃಷ್ಣಮೂರ್ತಿಪುರಂ. ಸ್ವಾತಂತ್ರ್ಯ ಬಂದು ಏಳೆಂಟು ವರ್ಷವಾಗಿತ್ತು. ನನಗೆ ಇಪ್ಪತ್ತೊಂದಾಗಿತ್ತು, ಕನ್ನಡಕ ಬಂದಿರಲಿಲ್ಲ.

ಇಷ್ಟು ಖಚಿತವಾಗಿ ಹೇಳುವುದಕ್ಕೆ ಕಾರಣವಿದೆ. ನಮ್ಮವರು ಮದುವೆಗೋ ಮುಂಜಿಗೋ ನಾಲ್ಕು ಜನ ಸೇರಿದರೆ ಆ ಕಾರಿನ ಮಾತು ಬರುತ್ತದೆ. "ಅತ್ತೆ ಎದುರಿಗೆ ಬಂದುಬಿಟ್ಟರಂತೆ, ಅದಕ್ಕೇ ಹಾಗಾಯಿತಂತೆ" ಎಂದು ಯಾರಾದರೂ ಹೇಳುತ್ತಾರೆ. ಉಳಿದವರು ಲಾಡು ಮುರಿಯುತ್ತಾ ತಲೆಯಾಡಿಸುತ್ತಾರೆ. ಹೇಳುವವರಲ್ಲಿ ಹೆಚ್ಚಿನವರು ಆಗ ಹುಟ್ಟಿರಲಿಲ್ಲ. ನಾನು ಅಲ್ಲಿದ್ದೆ.

ಅಪ್ಪ ಒಂದು ಸರ್ಕಾರಿ ಕಚೇರಿಯಲ್ಲಿ ಹೆಡ್ ಗುಮಾಸ್ತರು. ಅರಮನೆಗೆ ಬೇಕಾಗಿದ್ದವರೊಬ್ಬರ ಹಿತ್ತಲಿನಲ್ಲಿ ಬಹಳ ವರ್ಷದಿಂದ ಒಂದು ಕಾರು ನಿಂತಿತ್ತು. ಅಷ್ಟು ವರ್ಷವೂ ಅದರಲ್ಲಿ ಸಂಸಾರ ಮಾಡಿದ್ದು ಕೋಳಿಗಳು. ಕಾಲ ಬದಲಾಗಿ ಅವರು ಮನೆಯ ಸಾಮಾನು ಮಾರತೊಡಗಿದಾಗ ಅಪ್ಪ ಅದನ್ನು ಕೊಂಡರು. ಸೀಟಿನೊಳಗೆ ಸ್ಪ್ರಿಂಗಿಗಿಂತ ಪುಕ್ಕ ಹೆಚ್ಚಾಗಿತ್ತು. ಅದನ್ನು ಮನೆಗೆ ಎಳೆದು ತಂದದ್ದು ಒಂದು ಜೊತೆ ಎತ್ತು. ಅಪ್ಪ ಮಾತ್ರ ಸ್ಟೀರಿಂಗ್ ಹಿಡಿದು ಒಳಗೆ ಕುಳಿತಿದ್ದರು, ತಿರುವು ಬಂದಾಗ ಬಲಗೈ ಹೊರಗೆ ಚಾಚಿ ಸನ್ನೆ ಮಾಡಿದರು. ಎತ್ತುಗಳು ಅದನ್ನು ನೋಡಲಿಲ್ಲ.

ಅದನ್ನು ಇಡುವುದೆಲ್ಲಿ? ಮನೆಯ ಬಲಗಡೆಗೆ ಅತ್ತೆಯ ಕೋಣೆಯಿತ್ತು. ಅತ್ತೆ ಅಪ್ಪನ ಅಕ್ಕ. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವರು. ಅವರ ಜಪ, ಇದ್ದಿಲ ಒಲೆ, ಮಡಿ ಸೀರೆ ಒಣಗುವ ಗಳು ಎಲ್ಲ ಆ ಕೋಣೆಯಲ್ಲಿದ್ದವು. ಅಪ್ಪ ಕೋಣೆಯ ಮುಂದಿನ ಗೋಡೆ ಒಡೆಸಿ ಅಗಲವಾದ ಜೋಡಿ ಬಾಗಿಲು ಇಡಿಸಿದರು. ಬಾಗಿಲಿನಿಂದ ಗೇಟಿನವರೆಗೆ ಇಳಿಜಾರಾಗಿ ಕಲ್ಲು ಹಾಸಿಸಿದರು.

"ಒಂದು ತಿಂಗಳ ಮಾತು ಅಕ್ಕಯ್ಯ," ಎಂದರು. "ಕಾರು ಗೇಟು ದಾಟಿ ರಸ್ತೆಗೆ ಇಳಿದ ದಿನ ಕೋಣೆ ನಿಂದು. ಆಮೇಲೆ ನಾನು ಬೇರೆ ಕಡೆ ಶೆಡ್ಡು ನೋಡ್ಕೋತೀನಿ."

"ಗೇಟು ದಾಟಿದ ದಿನ ತಾನೆ?" ಎಂದು ಅತ್ತೆ ಕೇಳಿದರು.

"ಗೇಟು ದಾಟಿದ ದಿನ."

ಅತ್ತೆಯ ಹಾಸಿಗೆ, ಟ್ರಂಕು, ಒಲೆ ಎಲ್ಲವೂ ಅಡುಗೆಮನೆಗೂ ಬಚ್ಚಲಿಗೂ ನಡುವಿನ ಓಣಿಗೆ ಬಂದವು. ಮಡಿಯಲ್ಲಿದ್ದವರಿಗೆ ಮಡಿಯಲ್ಲದವರ ಬಟ್ಟೆ ತಗುಲಿದರೆ ಮತ್ತೆ ತಲೆಯ ಮೇಲೆ ನೀರು ಹಾಕಿಕೊಳ್ಳಬೇಕು. ಮನೆಯ ಅಷ್ಟೂ ಜನ ಬಚ್ಚಲಿಗೆ ಹೋಗುತ್ತಿದ್ದದ್ದು ಆ ಓಣಿಯಲ್ಲೇ. ಕಾರಿನ ಎಣ್ಣೆ ಮೆತ್ತಿಕೊಂಡ ಕೈ ತೊಳೆಯಲು ಚಿಕ್ಕಪ್ಪ ಬಂದರೆ ಅತ್ತೆಗೆ ಸ್ನಾನ. ಅಪ್ಪ ಬಂದರೆ ಇನ್ನೊಂದು ಸ್ನಾನ. ಕಾರನ್ನು ವಾರಕ್ಕೊಮ್ಮೆ ತೊಳೆಯುತ್ತಿದ್ದರು, ಅತ್ತೆ ದಿನಕ್ಕೆ ಮೂರು ಸಲ ನೆನೆಯುತ್ತಿದ್ದರು. ಆ ತಿಂಗಳು ಮುಗಿಯಲು ಎರಡು ವರ್ಷ ಹಿಡಿಯಿತು.

ಅಷ್ಟು ಕಾಲ ಏನು ಮಾಡಿದರು ಎಂದು ಕೇಳಿದರೆ ನಾನು ಕ್ರಮವಾಗಿ ಹೇಳಬಲ್ಲೆ. ಮೊದಲು ಬಣ್ಣ ಹೊಡೆದರು. ಅದು ಆರುವ ಮೊದಲೇ ಬೇಡವಾಗಿ ಇನ್ನೊಂದು ಬಣ್ಣ ಹೊಡೆದರು. ಆಮೇಲೆ ರಬ್ಬರ್ ಬುರುಡೆಯ ಹಾರ್ನ್ ಕಿತ್ತು ಕರೆಂಟಿನ ಹಾರ್ನ್ ಹಾಕಿದರು. ಹ್ಯಾಂಡಲ್ ತಿರುಗಿಸಿ ಎಂಜಿನ್ ಎಬ್ಬಿಸುವುದು ಹೆಡ್ ಗುಮಾಸ್ತರ ಘನತೆಗೆ ತಕ್ಕದ್ದಲ್ಲವೆಂದು ಮಿಲಿಟರಿ ಲಾರಿಯಿಂದ ಬಿಚ್ಚಿದ ಸೆಲ್ಫ್ ಸ್ಟಾರ್ಟರ್ ತಂದರು. ಹಿಂದಿನ ಕಿಟಕಿಗೆ ಅಮ್ಮನ ಸೀರೆಯಿಂದ ಪರದೆ ಹೊಲಿಸಿದರು. ಆ ಸೀರೆ ಇನ್ನೂ ಹಳೆಯದಾಗಿರಲಿಲ್ಲ. ಸ್ಟೀರಿಂಗಿನ ಮುಂದೆ ಒಂದು ಗಡಿಯಾರ ಕೂರಿಸಿದರು. ಅದು ನಡೆಯುತ್ತಿರಲಿಲ್ಲ. ಕಾರೂ ನಡೆಯುತ್ತಿರಲಿಲ್ಲವಾದ್ದರಿಂದ ಯಾರೂ ತಪ್ಪು ಹಿಡಿಯಲಿಲ್ಲ. ನೋಡಲು ಬಂದವರೆಲ್ಲ ಎಷ್ಟು ವೇಗವಾಗಿ ಓಡುತ್ತದೆ ಎಂದು ಕೇಳಿದರು. ಹೇಗೆ ನಿಲ್ಲುತ್ತದೆ ಎಂದು ಒಬ್ಬರೂ ಕೇಳಲಿಲ್ಲ.

ಅಪ್ಪನಿಗೆ ಜಂಬೂಸವಾರಿಯ ದಿನ ಕಾರನ್ನು ಬೀದಿಗೆ ತರಬೇಕಾಗಿತ್ತು. ಅವರ ಮೇಲಿನ ಅಧಿಕಾರಿಗಳು ಸಂಸಾರ ಸಮೇತ ನಡೆದು ಹೋಗುವಾಗ ಪಕ್ಕದಲ್ಲಿ ನಿಧಾನ ಮಾಡಿ "ಬನ್ನಿ ಸಾರ್, ಕೂತ್ಕೊಳ್ಳಿ" ಎನ್ನಬೇಕಾಗಿತ್ತು. ಆ ಮಾತನ್ನೂ ಅದರ ಜೊತೆಗಿನ ನಗುವನ್ನೂ ಅವರು ಅಭ್ಯಾಸ ಮಾಡಿದ್ದನ್ನು ನಾನು ಕೇಳಿದ್ದೇನೆ.

ಹಬ್ಬದ ಹಿಂದಿನ ದಿನ ಮಂಡಿ ಮೊಹಲ್ಲಾದಿಂದ ಮೇಸ್ತ್ರಿ ಬಂದ. ಕಾರಿನ ಕೆಲಸಕ್ಕೆ ಆಗಾಗ ಬರುತ್ತಿದ್ದವನು ಅವನೇ. ತಾನು ಮುಟ್ಟಿದ ಗಾಡಿ ಕೈಲಾಸಕ್ಕೂ ಹತ್ತುತ್ತದೆ ಎನ್ನುತ್ತಿದ್ದ, ಕೆಲಸವನ್ನು ಮಾತ್ರ ನಾಳೆಗೆ ಹೇಳುತ್ತಿದ್ದ. ಬ್ರೇಕಿನ ಪೆಡಲ್ಲಿನಿಂದ ಚಕ್ರದ ಕಡೆಗೆ ಹೋಗುವ ಕಬ್ಬಿಣದ ರಾಡನ್ನು ಅವನು ಬಿಚ್ಚಿ, ಸವೆದ ಬೋಲ್ಟು ತೆಗೆದು, ರಾಡು ಜೋತಾಡದಂತೆ ಹುರಿಯಲ್ಲಿ ಕಟ್ಟಿದ.

"ಹೊಸ ಬೋಲ್ಟು ತಂದಿವ್ನಿ ಸ್ವಾಮಿ. ಹಬ್ಬ ಕಳೀಲಿ ಬುಡಿ, ಬಂದು ಬಿಗಿದ್ಕೊಡ್ತೀನಿ. ನಮ್ ಅಂಗಡೀಲೂ ಪೂಜೆ ಆಗ್ಬೇಕಲ್ಲ."

ಬೋಲ್ಟನ್ನು ಸೀಟಿನ ಮೇಲೆ ಇಟ್ಟು ಹೋದ. ಕೈಬ್ರೇಕಿನ ಹಿಡಿ ಇರಲೇ ಇಲ್ಲ. ಅದು ನಿಕ್ಕಲ್ ಹೊಳಪು ಹಾಕಿಸಲು ಹೋಗಿತ್ತು.

ಬೆಳಗ್ಗೆ ಕಾರನ್ನು ಕೋಣೆಯಿಂದ ತಳ್ಳಿ ಇಳಿಜಾರಿನ ತಲೆಯಲ್ಲಿ, ಬಾಗಿಲಿನ ಮುಂದೆಯೇ ನಿಲ್ಲಿಸಿ, ಚಕ್ರಗಳಿಗೆ ಕಲ್ಲು ಕೊಟ್ಟರು. ಮೂತಿ ಗೇಟಿನ ಕಡೆಗಿತ್ತು. ಪಕ್ಕದಲ್ಲಿ ಮಣೆಯ ಮೇಲೆ ಸ್ಪ್ಯಾನರುಗಳು, ಇಕ್ಕಳ, ಸುತ್ತಿಗೆ, ಚಿಕ್ಕಪ್ಪನ ಕ್ಷೌರದ ಕತ್ತಿ ಎಲ್ಲಕ್ಕೂ ಅರಿಶಿನ ಕುಂಕುಮ ಹಚ್ಚಿ ಸೇವಂತಿಗೆ ಮುಡಿಸಿದರು. ಪೂಜೆ ಚಿಕ್ಕಪ್ಪನೇ ಮಾಡಿದರು. ವಿಧವೆಯಾದ ಅತ್ತೆ ಇಂಥ ಪೂಜೆಯ ಹೊತ್ತಿಗೆ ಹೊರಗೆ ಬರಬಾರದೆಂಬುದು ನಮ್ಮ ಮನೆಯ ಕಟ್ಟಳೆ. ಅವರು ನಡುಮನೆಯ ಬಾಗಿಲಿನ ಹಿಂದೆ ಇದ್ದರು.

ಮಂಗಳಾರತಿ ಆದ ಮೇಲೆ ಚಿಕ್ಕಪ್ಪನಿಗೆ ಬೋಲ್ಟಿನ ನೆನಪಾಯಿತು.

"ಅಣ್ಣ, ಬ್ರೇಕ್ ರಾಡು ಬಿಚ್ಚಿದ ಹಾಗೇ ಇದೆ."

"ಹಾಗಾದ್ರೆ ಬಿಗಿ."

"ಬಿಗಿಯೋಕೆ ಸ್ಪ್ಯಾನರ್ ಬೇಕು. ಸ್ಪ್ಯಾನರ್ ಪೂಜೆಗೆ ಕೂತಿದೆ."

ಪೂಜೆಗೆ ಇಟ್ಟ ಆಯುಧವನ್ನು ವಿಜಯದಶಮಿಯವರೆಗೆ ಯಾರೂ ಮುಟ್ಟುವ ಹಾಗಿಲ್ಲ. ಇಬ್ಬರೂ ಮಣೆಯನ್ನು ನೋಡುತ್ತಾ ನಿಂತರು. ಪಕ್ಕದ ಮನೆಯಿಂದ ಸ್ಪ್ಯಾನರ್ ತರೋಣವೆಂದರೆ ಅವರದೂ ಪೂಜೆಯಲ್ಲಿತ್ತು. ಆ ದಿನ ಇಡೀ ಮೈಸೂರಿನಲ್ಲಿ ಒಂದು ನಟ್ಟು ಬಿಗಿಯಲು ಬೇಕಾದ ಕಬ್ಬಿಣ ಯಾರ ಮನೆಯಲ್ಲೂ ಬಿಡುವಾಗಿರಲಿಲ್ಲ.

ಆಗ ಬಾಗಿಲಿನ ಹಿಂದಿನಿಂದ ಅತ್ತೆಯ ದನಿ ಬಂತು. "ಆ ಬೋಲ್ಟು ಇತ್ತ ಕೊಡೋ, ನಾನು ಬಿಗೀತೀನಿ."

"ನೀನಾ?"

"ಹೂಂ ಕಣೋ. ಪೂಜೆಗೆ ನಾನು ಬೇಡ ಅಂದ್ರಲ್ಲ. ನಂಗೆ ಪೂಜೆ ಇಲ್ಲ ಅಂದ್ಮೇಲೆ ಪೂಜೆ ಕಟ್ಟು ನಂಗ್ಯಾಕೆ ತಗಲತ್ತೆ? ಎರಡು ವರ್ಷ ನಿಮ್ಮಿಬ್ರನ್ನೂ ನೋಡಿದ್ದೀನಿ, ನಿಮಗಿಂತ ಕೆಟ್ಟದಾಗಿ ಬಿಗಿಯೋಕೆ ನನ್ನ ಕೈಲಾಗಲ್ಲ."

ಅಮ್ಮ ನಕ್ಕರು, ಆಮೇಲೆ ಕೆಮ್ಮಿದರು.

"ಶುಭ ದಿನ ಅಕ್ಕಯ್ಯ, ಇಂಥ ಮಾತು ಆಡಬೇಡ," ಎಂದು ಅಪ್ಪ ಗದರಿದರು. ವಿಧವೆ ಮುಟ್ಟಿದ ಬ್ರೇಕಿಗಿಂತ ಬ್ರೇಕೇ ಇಲ್ಲದ ಕಾರು ಕ್ಷೇಮವೆಂದು ತೀರ್ಮಾನವಾಯಿತು. ಎಂಜಿನ್ ಎಬ್ಬಿಸುವುದು ಬೇಡ, ನಾಲ್ಕು ಚಕ್ರ ನಾಲ್ಕು ನಿಂಬೆಹಣ್ಣಿನ ಮೇಲೆ ಹಾಯ್ದರೆ ಸಾಕು, ಚಿಕ್ಕಪ್ಪನೂ ಕಚೇರಿಯ ಜವಾನನೂ ಹಿಂದಿನಿಂದ ಹಿಡಿದುಕೊಂಡಿರುತ್ತಾರೆ ಎಂದರು. ಮುಂದೆ ಯಾರೂ ನಿಲ್ಲಬಾರದು, ಎದುರುಮನೆಯವರಿಗೆ ಕಾರು ಮರೆಯಾಗುತ್ತದೆ ಎಂದೂ ಹೇಳಿದರು. ಅಪ್ಪ ಜರಿಪೇಟ ಕಟ್ಟಿ ಒಳಗೆ ಕುಳಿತರು.

ಇನ್ನು ಹೇಳುವುದನ್ನು ನಿಧಾನವಾಗಿ ಹೇಳುತ್ತೇನೆ. ಚಕ್ರದ ಕೆಳಗೆ ನಿಂಬೆಹಣ್ಣು ಇಡಬೇಕಾದರೆ ಅಲ್ಲಿದ್ದ ಕಲ್ಲು ತೆಗೆಯಬೇಕು. ಚಿಕ್ಕಪ್ಪ ಕಲ್ಲು ತೆಗೆದರು, ನಿಂಬೆಹಣ್ಣು ಇಟ್ಟರು. ಎರಡು ವರ್ಷದ ಕೆಲಸವನ್ನು ತಡೆದು ನಿಲ್ಲಿಸುವ ಭಾರ ಆ ಕ್ಷಣಕ್ಕೆ ನಾಲ್ಕು ನಿಂಬೆಹಣ್ಣಿನ ಮೇಲೆ ಬಿತ್ತು. ಚಿಕ್ಕಪ್ಪ ಕೊನೆಯ ಕಲ್ಲು ಕೈಯಲ್ಲಿ ಹಿಡಿದು ಏಳುತ್ತಿದ್ದಾಗ ಹಣ್ಣು ಒಡೆದ ಸದ್ದು ಕೇಳಿತು. ಜವಾನ ಹಿಂದಿನ ಮಡ್‌ಗಾರ್ಡು ಹಿಡಿದು ನಾಲ್ಕು ಹೆಜ್ಜೆ ಕಾರಿನ ಜೊತೆಯಲ್ಲೇ ಓಡಿ, ಬಿಟ್ಟುಬಿಟ್ಟ. ಕಾರು ಸದ್ದಿಲ್ಲದೆ ಇಳಿಯಿತು. ಅದು ಸದ್ದು ಮಾಡಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲವೇನೋ. ಅಪ್ಪನ ಕಾಲು ಪೆಡಲ್ಲನ್ನು ತುಳಿದದ್ದು ಅವರ ಭುಜದಲ್ಲಿ ಕಂಡಿತು. ಪೆಡಲ್ಲು ತಳಕ್ಕೆ ಹೋಗಿ ಅಲ್ಲೇ ಉಳಿಯಿತು. ಆಮೇಲೆ ಅವರ ಕೈ ಹಾರ್ನಿಗೆ ಹೋಯಿತು. ಆ ಕಾರಿನಲ್ಲಿ ಸರಿಯಾಗಿ ಕೆಲಸ ಮಾಡುತ್ತಿದ್ದದ್ದು ಅದೊಂದೇ.

ಮಡ್‌ಗಾರ್ಡು ನನ್ನ ಪಂಚೆಯ ಅಂಚನ್ನು ಹರಿದುಕೊಂಡು ಹೋಯಿತು. ಅಪ್ಪ ನನ್ನ ಮುಂದೆಯೇ ಹಾದರು. ಅವರ ಮುಖದಲ್ಲಿ ಭಯವಿರಲಿಲ್ಲ. ಅಧಿಕಾರಿಗಳಿಗೆಂದು ಅಭ್ಯಾಸ ಮಾಡಿದ ನಗುವಿತ್ತು, ತೆಗೆಯಲು ಅವರಿಗೆ ಸಮಯ ಸಿಕ್ಕಿರಲಿಲ್ಲ. ಮುಂದಿನದು ನನ್ನ ಬೆನ್ನ ಹಿಂದೆ ಆದದ್ದು, ಅವರಿವರು ಹೇಳಿ ತಿಳಿದದ್ದು. ಎದುರುಮನೆಯ ಮಗಳು ನಮ್ಮ ಕಡೆಗೆ ಮುಖ ಮಾಡಿ ಕುಳಿತು ರಂಗೋಲಿಗೆ ಬಣ್ಣ ತುಂಬುತ್ತಿದ್ದಳು. ಅವಳು ಬಟ್ಟಲು ಎಸೆದು ಪಕ್ಕಕ್ಕೆ ಹಾರಿದಳು. ಕಾರು ರಂಗೋಲಿಯ ಮೇಲೆ ಹಾಯ್ದು, ಮೋರಿಗೆ ಮುಂದಿನ ಚಕ್ರ ಇಳಿಸಿ, ಅವರ ಕಾಂಪೌಂಡಿಗೆ ಮೂತಿ ಒತ್ತಿ ನಿಂತಿತು. ಹಾರ್ನ್ ಮಾತ್ರ ನಿಲ್ಲಲಿಲ್ಲ.

ಎಲ್ಲರೂ ಬೀದಿಗೆ ಓಡಿದರು. ನಾನು ಮಾತ್ರ ಅಪ್ಪಣೆಯಾದಂತೆ ಗೇಟಿನ ರೆಕ್ಕೆ ಹಿಡಿದೇ ಇದ್ದೆ. ನನ್ನ ಮುಖ ಇನ್ನೂ ಮನೆಯ ಕಡೆಗೇ ಇತ್ತು. ಆದ್ದರಿಂದ ನೋಡಿದೆ. ಕಾರು ಮೋರಿಯಲ್ಲಿ ನಿಂತು, ಅಪ್ಪ ಇಳಿದು, "ನಂಗೇನೂ ಆಗಿಲ್ಲ, ಬಣ್ಣ ನೋಡ್ರೋ, ಬಣ್ಣ!" ಎಂದು ಕೂಗಿದ ಮೇಲೆ ಅತ್ತೆ ಮುಂಬಾಗಿಲಿಗೆ ಬಂದರು. ಅದಕ್ಕೆ ಮೊದಲಲ್ಲ. ಬೀದಿಯನ್ನು ಇಣುಕಿ, ತಮ್ಮನ ದನಿ ಗಟ್ಟಿಯಾಗಿರುವುದನ್ನು ಕೇಳಿಕೊಂಡು, ಒಳಗೆ ಹೋದರು. ಮತ್ತೆ ಬಂದಾಗ ಕಂಕುಳಲ್ಲಿ ಹಾಸಿಗೆಯ ಸುರುಳಿ ಇತ್ತು, ಕೈಯಲ್ಲಿ ಟ್ರಂಕಿನ ಹಿಡಿ ಇತ್ತು. ಟ್ರಂಕನ್ನು ಕಲ್ಲುಹಾಸಿನ ಮೇಲೆ ಗರಗರ ಎಳೆದರು. ಮಣೆಯ ಹತ್ತಿರ ನಿಂತು, ಹೂವು ಸರಿಸಿ, ಎಲ್ಲಕ್ಕಿಂತ ಉದ್ದನೆಯ ಸ್ಪ್ಯಾನರನ್ನು ಎತ್ತಿಕೊಂಡು ಕೋಣೆಗೆ ಹೋದರು. ಜೋಡಿ ಬಾಗಿಲು ಮುಚ್ಚಿತು. ಅದಕ್ಕೆ ಒಳಗಿನ ಅಗುಳಿಯನ್ನು ಅಪ್ಪ ಮಾಡಿಸಿಯೇ ಇರಲಿಲ್ಲ. ಬಾಗಿಲಿನ ಕೊಂಡಿಗಳ ನಡುವೆ ಕಬ್ಬಿಣ ತೂರಿದ ಸದ್ದು ಕೇಳಿತು.

ಆ ದಿನವಿಡೀ ಕಾರು ಮೋರಿಯಲ್ಲೇ ಇತ್ತು. ದೀಪಾಲಂಕಾರ ನೋಡಲು ಹೋಗುತ್ತಿದ್ದವರೆಲ್ಲ ನಿಂತು ನೋಡಿದರು, ಕೆಲವರು ಹತ್ತಿ ಕುಳಿತರು. ಬೆಳಗಾದ ಮೇಲೆ ಅದನ್ನು ಎಳೆಯಲು ನಾಲ್ಕು ಜನರನ್ನು ಕರೆತಂದರು. ಆಗಲೇ ಅಪ್ಪ ಆ ಬಾಗಿಲು ತಟ್ಟಿದ್ದು. ಹಣೆಯ ಮೇಲೆ ಬೋರೆ ಎದ್ದಿತ್ತು.

"ಬಾಗಿಲು ತೆಗಿ ಅಕ್ಕಯ್ಯ. ಕಾರು ಒಳಗೆ ಹಾಕ್ಬೇಕು."

"ಅದು ಗೇಟು ದಾಟಿ ಆಯ್ತಲ್ಲಪ್ಪ. ದಾಟಿದ ದಿನ ಕೋಣೆ ನಿಂದು ಅಂತ ನೀನೇ ಅಂದಿದ್ದೆ."

"ದಾಟೋದು ಅಂದ್ರೆ ಹಿಂಗಾ? ನೀನು ಎದುರಿಗೆ ಬಂದೆ, ಅದಕ್ಕೇ ಈ ಅವತಾರ. ನಿನ್ನಿಂದಾನೇ ಹೋಯ್ತು ನನ್ನ ಕಾರು. ಇನ್ನು ಮಾತು ಗೀತು ಏನೂ ಇಲ್ಲ, ಓಣಿಗೆ ನಡಿ."

ಒಳಗಿನಿಂದ ಉತ್ತರ ಬರಲಿಲ್ಲ. ಅಲ್ಲಿಯವರೆಗೆ ಅತ್ತೆ ಅಪ್ಪನ ಒಂದು ಮಾತಿಗೂ ಉತ್ತರ ಕೊಡದೆ ಬಿಟ್ಟವರಲ್ಲ. ನಾನು ಬಾಯಿ ತೆರೆದೆ.

"ಅತ್ತೆ ಎದುರಿಗೆ ಬರಲಿಲ್ಲ ಅಪ್ಪ. ನೀವು ಮೋರೀಲಿ ಇಳಿದ ಮೇಲೆ ಬಂದದ್ದು. ನನ್ನ ಮುಖ ಮನೆ ಕಡೆಗೇ ಇತ್ತು."

"ನೀನು ಕಣ್ಣು ಮುಚ್ಕೊಂಡಿದ್ದೆ."

"ನಾನು ಮುಚ್ಕೊಂಡಿರಲಿಲ್ಲ ಮಾಮ," ಎಂದಳು ಎದುರುಮನೆಯ ಮಗಳು. ಕಾಂಪೌಂಡು ಎಷ್ಟು ಬಿರುಕು ಬಿಟ್ಟಿದೆಯೆಂದು ಹೇಳಲು ಬಂದಿದ್ದಳು. "ನಿಮ್ಮ ಕಾರಿನ ಹಿಂದೆ ಅಂಗಳ ಪೂರ್ತಿ ಕಾಣ್ತಿತ್ತು. ಚಿಕ್ಕಪ್ಪ ಕಲ್ಲು ಹಿಡ್ಕೊಂಡು ನಿಂತಿದ್ರು. ಅತ್ತೆ ಇರಲೇ ಇಲ್ಲ."

ಹಿಂದಿನ ದಿನ ತೀರ್ಥದ ತಟ್ಟೆ ಹಿಡಿದು ಜಗಲಿಯ ಮೇಲೆ ನಿಂತಿದ್ದ ನನ್ನ ತಂಗಿಯೂ ಹಾಗೇ ಹೇಳಿದಳು, ಅಮ್ಮನ ಹಿಂದೆ ನಿಂತು. ಅಮ್ಮ ಅವಳಿಗೆ ಸುಮ್ಮನಿರು ಎನ್ನಲಿಲ್ಲ. ಕಾರು ಎಳೆಯಲು ಬಂದವರು ಆಸಕ್ತಿಯಿಂದ ಕೇಳುತ್ತಿದ್ದರು.

"ಅಣ್ಣ, ಆ ದೊಡ್ಡ ಸ್ಪ್ಯಾನರ್ ಒಳಗಿದೆ," ಎಂದು ಚಿಕ್ಕಪ್ಪ ಮೆಲ್ಲಗೆ ಹೇಳಿದರು. "ಅದಿಲ್ದೆ ಮೋರೀಲಿ ಸಿಕ್ಕಿರೋ ಚಕ್ರ ಬಿಚ್ಚೋಕಾಗಲ್ಲ."

ಅಪ್ಪ ಹಣೆಯ ಬೋರೆ ಸವರಿಕೊಂಡರು. "ಸರಿ. ಕೋಣೆ ನಿಂದೇ."

"ಜೋರಾಗಿ ಹೇಳೋ. ಬಂದೋರಿಗೂ ಕೇಳಲಿ."

"ಕೋಣೆ ಅಕ್ಕಯ್ಯಂದು!"

ಬಾಗಿಲಿನ ಸಂದಿಯಿಂದ ಸ್ಪ್ಯಾನರ್ ಹೊರಗೆ ಬಂತು. ಅರಿಶಿನ ಇನ್ನೂ ಇತ್ತು.

ಕಾರನ್ನು ಮೋರಿಯಿಂದ ಎಬ್ಬಿಸಿ ಮೇಸ್ತ್ರಿಯ ಅಂಗಡಿಗೆ ಸಾಗಿಸಿದರು. ಅವನು ಹಬ್ಬ ಕಳೆಯಲಿ ಎಂದ. ಅಲ್ಲಿ ಅದು ಬಿಡಿಭಾಗವಾಗಿ ಕರಗಿತು. ಅತ್ತೆ ಇನ್ನೂ ಹನ್ನೆರಡು ವರ್ಷ ಆ ಕೋಣೆಯಲ್ಲಿ ಪೆಟ್ರೋಲ್ ವಾಸನೆಯ ನಡುವೆ ಜಪ ಮಾಡಿದರು, ಬೆಳಗಿನ ಬಿಸಿಲಿಗೆ ಜೋಡಿ ಬಾಗಿಲು ಎರಡನ್ನೂ ತೆರೆದಿಟ್ಟು. ಅಪ್ಪ ಅವರಿಗೆ ಮಾಡಿಕೊಟ್ಟ ಒಂದೇ ಅನುಕೂಲ ಆ ಅಗಲವಾದ ಬಾಗಿಲು. ಆದರೂ ಬಂದವರಿಗೆಲ್ಲ ಅಪ್ಪ ಹೇಳಿದ್ದು ಅದೇ ಎದುರು ಬಂದ ಕಥೆ. ಕೋಣೆ ಬಿಟ್ಟುಕೊಟ್ಟರು, ಕಥೆ ಬಿಟ್ಟುಕೊಡಲಿಲ್ಲ.

ಅಪ್ಪ, ಅಮ್ಮ, ಚಿಕ್ಕಪ್ಪ, ಜವಾನ ಯಾರೂ ಈಗ ಇಲ್ಲ. ನನ್ನನ್ನು ಬಿಟ್ಟರೆ ನೋಡಿದವರಲ್ಲಿ ಬದುಕಿರುವವರು ಇಬ್ಬರು. ಒಬ್ಬಳು ನನ್ನ ತಂಗಿ. ಇನ್ನೊಬ್ಬಳು ಎದುರುಮನೆಯ ಮಗಳು, ಈಗ ದಟ್ಟಗಳ್ಳಿಯಲ್ಲಿ ಮಗನ ಮನೆಯಲ್ಲಿದ್ದಾಳೆ. ಬೇರೆ ಬೇರೆಯಾಗಿ ಕೇಳಿ ನೋಡಿ. ಇಬ್ಬರೂ ಮೊದಲು ಕಾರು ಹೋಯಿತು, ಅತ್ತೆ ಆಮೇಲೆ ಬಂದರು ಎಂದೇ ಹೇಳುತ್ತಾರೆ.