ಬನ್ನಿ ಬುಡದ ಬಸಳೆ

ಕಳೆದ ಶನಿವಾರ ಮರುಭೂಮಿಯಲ್ಲಿ ಒಂಟೆ ಮೇಯಿಸುವವನೊಬ್ಬ ನನ್ನ ಪಿಕಪ್ಪಿಗೆ ಕೋಲು ಅಡ್ಡ ಹಿಡಿದು ನಿಂತ.

"ಭಾಯಿ, ಮಣ್ಣೆಲ್ಲ ತಗೊಂಡು ಹೋದ್ರಿ. ನೆರಳೊಂದು ಬಾಕಿ. ಅದನ್ನೂ ಚೀಲಕ್ಕೆ ತುಂಬಿಸಿ," ಎಂದ ಹಿಂದಿಯಲ್ಲಿ.

ವಿಷಯ ಬಸಳೆಯದ್ದು. ದುಬೈಯಲ್ಲಿರುವ ನಮ್ಮ ಕರಾವಳಿಯವರ ಬಾಲ್ಕನಿಯಲ್ಲಿ ಕುರ್ಚಿ ಇಲ್ಲದಿದ್ದೀತು, ಬಸಳೆ ಡ್ರಮ್ಮು ಇಲ್ಲದಿರುವುದಿಲ್ಲ. ಆದರೆ ಅಂಗಡಿಯ ಪ್ಯಾಕೆಟ್ ಮಣ್ಣಿನಲ್ಲಿ ಬಳ್ಳಿ ಎರಡು ಮೊಳ ಏರಿ ಸುಮ್ಮನಾಗುತ್ತದೆ. ಏಳನೇ ಕ್ಲಾಸಿಗೇ ಶಾಲೆ ಬಿಟ್ಟು ಸ್ಪ್ಯಾನರ್ ಹಿಡಿದವನು ನಾನು. ಅಲ್ ಕೂಜ್‌ನ ನನ್ನ ಗ್ಯಾರೇಜಿಗೆ ಬಂದ ಇಂಜಿನ್ ಯಾವುದೂ ಸ್ಟಾರ್ಟ್ ಆಗದೆ ಹೋದದ್ದಿಲ್ಲ. ಬಸಳೆಯೊಂದು ನನಗೆ ಸವಾಲೇ?

ಹುಡುಕಿದೆ. ಊರ ಹೊರಗೆ, ಮರಳಿನ ನಡುವೆ ಒಂಟಿಯಾಗಿ ನಿಂತ ಘಾಫ್ ಮರ. (ಹೆಸರು ಕೇಳಿ ಗಾಬರಿಯಾಗಬೇಡಿ, ನಮ್ಮ ಬನ್ನಿ ಮರವೇ.) ಉದುರಿದ ಎಲೆ, ಒಂಟೆಯ ಹಿಕ್ಕೆ ಸೇರಿ ಬುಡದಲ್ಲಿ ಕಪ್ಪು ಮಣ್ಣು. ಎರಡು ಚೀಲ ತಂದೆ. ಬಸಳೆ ಸೀಲಿಂಗ್ ಮುಟ್ಟಿತು. ಫೋಟೊ ತೆಗೆದು, ಮರದ ಲೊಕೇಶನ್ ಸಮೇತ ಊರವರ ವಾಟ್ಸಾಪ್ ಗ್ರೂಪಿಗೆ ಹಾಕಿದೆ. ಕೈಯಾರೆ ಬೆಳೆಸಿದ್ದನ್ನು ನಾಲ್ಕು ಜನ ನೋಡುವುದು ಬೇಡವೇ?

ನೋಡಿದರು. ನೋಡಿ ಸುಮ್ಮನಿರಲಿಲ್ಲ.

ಆ ಶನಿವಾರ ಗೆಳೆಯ ಫೆಲಿಕ್ಸ್‌ಗೂ ಮಣ್ಣು ಬೇಕೆಂದು ಇಬ್ಬರೂ ಹೋದರೆ, ಮರದ ಸುತ್ತ ಮೊಣಕಾಲುದ್ದದ ಹೊಂಡಗಳು. ಉಳಿದದ್ದನ್ನು ಗಾಳಿ ಹೊತ್ತೊಯ್ದಿದೆ. ಬೇರುಗಳು ಹೊರಗೆ. ಒಂದು ಬದಿಯ ಕೊಂಬೆಗಳು ಒಣಗಿವೆ. ಇನ್ನೊಂದು ಬದಿಯ ನೆರಳಿಗಾಗಿ ಒಂಟೆಗಳು ತಳ್ಳಾಡುತ್ತಿವೆ.

"ಇಡೀ ಮರುಭೂಮಿ ಮಣ್ಣೇ ಅಲ್ವಾ ಮಾರಾಯಾ? ಬಾಲ್ಕನಿಗೆ ಎರಡು ಚೀಲ, ಅಷ್ಟೇ," ಎಂದು ಫೆಲಿಕ್ಸ್ ಕೋಲು ಹಿಡಿದು ನಿಂತ ಒಂಟೆಯವನಿಗೆ ಹಿಂದಿಯಲ್ಲೇ ಸಮಾಧಾನ ಹೇಳಹೊರಟ.

"ಬೇಸಿಗೆ ಬರ್ತದೆ. ಈ ಮರ ಬಿದ್ರೆ ಇವನ್ನೆಲ್ಲ ಎಲ್ಲಿ ನಿಲ್ಲಿಸ್ಲಿ? ನಿನ್ನ ಬಾಲ್ಕನಿಯಲ್ಲಾ?"

ಫೆಲಿಕ್ಸ್ ನನ್ನ ಮುಖ ನೋಡಿದ. "ಯಲ್ಲಾ, ಹೋಗುವ."

ಖಾಲಿ ಚೀಲ ಹಿಡಿದು ಬಂದೆವು.

ದಿಬ್ಬ ಸಮ ಮಾಡಿ ವಿಲ್ಲಾ ಕಟ್ಟುವವರನ್ನು, ಕಡಲಿಗೆ ಮರಳು ಸುರಿದು ದ್ವೀಪ ಮಾಡುವವರನ್ನು ಗ್ಯಾರೇಜಿನ ಚಾ ಹೊತ್ತಿಗೆ ನಾವು ಚೆನ್ನಾಗಿ ಬಯ್ಯುತ್ತೇವೆ. ಅವರು ಬುಲ್ಡೋಜರ್ ತಂದರು. ನಾವು ಅಕ್ಕಿ ಚೀಲ ತಂದೆವು. ಮರಕ್ಕೆ ವ್ಯತ್ಯಾಸ ಗೊತ್ತಾಗುತ್ತದೆಯೇ?

ಮಣ್ಣು ವಾಪಸ್ ಹಾಕಿ ಬರುತ್ತೇನೆ ಎಂದಾಗ ನನ್ನಾಕೆ ಸೌಟು ಹಿಡಿದೇ ಬಂದಳು. "ನಿಮ್ಗೆ ಮಂಡೆ ಸಮ ಉಂಟಾ? ನಾಡಿದ್ದು ನೆಂಟರಿಗೆ ಬಸಳೆ-ಸಿಗಡಿ ಮಾಡ್ತೇನೆ ಅಂತ ಹೇಳಿ ಆಗಿದೆ!"

"ಮಾಡು. ಇಡೀ ಬಳ್ಳಿ ಕೊಯ್ದು ಮಾಡು. ನಾಲ್ಕು ದಂಟು ನೀರಲ್ಲಿಡು, ಬೇರು ಬರ್ತದೆ."

"ಡ್ಯಾಡಿ, ಇಟ್ಸ್ ಜಸ್ಟ್ ಸ್ಯಾಂಡ್!" ಎಂದಳು ಮಗಳು. (ಶಾಲೆಯ ಎನ್ವಿರಾನ್‌ಮೆಂಟ್ ಕ್ಲಬ್ಬಿಗೆ ಅವಳೇ ಲೀಡರ್.)

ಗ್ರೂಪಿಗೆ ಬರೆದೆ: 'ಬರುವ ಶನಿವಾರ ಬನ್ನಿ ಮರದ ಮಣ್ಣು ವಾಪಸ್. ಗಾಡಿ ನನ್ನದು, ಡೀಸೆಲ್ ನನ್ನದು. ಚೀಲ ಕೆಳಗೆ ಇಳಿಸಿಡಿ, ಹೊರುವುದೂ ನಾನೇ.' ಹೆಬ್ಬೆರಳುಗಳು ಬಂದವು. ಕೈಮುಗಿದ ಚಿತ್ರಗಳು ಬಂದವು. 'ಗ್ರೇಟ್ ಇನಿಶಿಯೇಟಿವ್ ಬ್ರದರ್' ಕೂಡ ಬಂತು. ತರುವಾಗ ಕಾರಿನ ಹಿಂದಿನ ಸೀಟಿನಲ್ಲೂ ಚೀಲ ಕೂರಿಸಿಕೊಂಡು ಬಂದವರಿವರು. ಈಗ ಒಂದು ಚೀಲವೂ ಕೆಳಗಿಳಿದಿಲ್ಲ.

ನಾಳೆ ಶನಿವಾರ. ಪಿಕಪ್ಪಿನಲ್ಲಿ ನನ್ನ ಎರಡು ಚೀಲ ಬಿಟ್ಟರೆ ಉಳಿದದ್ದೆಲ್ಲ ಖಾಲಿ. ಅಂದಹಾಗೆ, ನಿಮ್ಮ ಬಸಳೆಗೆ ಮಣ್ಣು ಎಲ್ಲಿಯದು?